ಬೇಟೆ ಬಿಟ್ಟ ಬೆಕ್ಕಿಗೆ ಹಾಲನ್ನ ಸಾಲದು

ಅಟ್ಟದಲ್ಲಿ ಅಡಿಕೆ, ಪಣತದಲ್ಲಿ ಭತ್ತ, ಕೊಟ್ಟಿಗೆಯಲ್ಲಿ ಹಿಂಡಿ ಚೀಲ ಇರುವ ಮನೆಗೆ ಬೆಕ್ಕು ಬೇಕೇ ಬೇಕು. ನಾರ್ವೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ತೋಟದ ಮನೆಗಳಲ್ಲಿ ಅದಕ್ಕೆ ಬೆಳಿಗ್ಗೆ ಹಾಲು ಕರೆದು ಬಂದಾಗ ಒಂದು ಕುಡ್ತೆ ಹಾಲು, ಮಧ್ಯಾಹ್ನ ಹಾಲನ್ನ ಇಲ್ಲವೇ ಮಜ್ಜಿಗೆ ಅನ್ನ. ಮೀನು ತಿನ್ನುವ ಮನೆಯಾದರೆ ತಲೆ, ಮುಳ್ಳು, ಮಳೆಗಾಲದಲ್ಲಿ ಒಣಮೀನಿನ ಚೂರು. ಮಿಕ್ಕಿದ್ದನ್ನು ಅದೇ ಸಂಪಾದಿಸಿಕೊಳ್ಳುತ್ತದೆ: ಇಲಿ, ಹಲ್ಲಿ, ಓತಿಕ್ಯಾತ, ಮಿಡತೆ.

ಹತ್ತು ಹನ್ನೆರಡು ವರ್ಷ ಇದು ತೊಂದರೆಯಿಲ್ಲದೆ ನಡೆಯುತ್ತದೆ. ನಾವು ಹಾಕುವ ಅನ್ನದಲ್ಲಿ ಇಲ್ಲದ್ದನ್ನೆಲ್ಲ ಇಲಿ ತುಂಬಿಕೊಡುತ್ತದೆ. ಆಮೇಲೆ ಯಾವುದೋ ಒಂದು ಮಳೆಗಾಲ ಬೆಕ್ಕು ಒಲೆಯ ಮಗ್ಗುಲು ಬಿಟ್ಟು ಏಳುವುದಿಲ್ಲ. ಹಲ್ಲು ಹೋಗಿದೆ, ಅಟ್ಟ ಹತ್ತಲಾಗುತ್ತಿಲ್ಲ, ಬೇಟೆ ನಿಂತಿದೆ. ಸವರಿದರೆ ಬೆನ್ನುಮೂಳೆ ಕೈಗೆ ಸಿಗುತ್ತದೆ. ಬಚ್ಚಲಿನ ಬಾನಿಯ ಪಕ್ಕ ಕೂತು ನೀರು ನೆಕ್ಕುತ್ತಲೇ ಇರುತ್ತದೆ. "ವಯಸ್ಸಾಯ್ತಲ್ಲ ಮಾರಾಯ್ರೇ, ಇನ್ನೇನು" ಎಂದು ಮನೆಯವರು ಸುಮ್ಮನಾಗುತ್ತಾರೆ. ವಯಸ್ಸಾಗಿದ್ದು ನಿಜ. ಆದರೆ ಆ ನೀರಡಿಕೆಗೆ ವಯಸ್ಸು ಕಾರಣವಲ್ಲ. ಮುದಿ ಬೆಕ್ಕು ವಿಪರೀತ ನೀರು ಕುಡಿಯುತ್ತ ಸೊರಗುತ್ತಿದೆ ಎಂದರೆ ಮೊದಲು ಅನುಮಾನ ಪಡಬೇಕಾದದ್ದು ಕಿಡ್ನಿಯನ್ನು. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ದೀರ್ಘಕಾಲದ ಕಿಡ್ನಿ ಕಾಯಿಲೆ ಇರುತ್ತದೆ.

ಇದಕ್ಕೆ ಪರಿಹಾರ ಹುಡುಕಲು ಹೊರಟವರಿಗೆ ಮೊದಲು ಸಿಗುವ ಸಲಹೆ, "ಪ್ರೋಟೀನ್ ಕಡಿಮೆ ಮಾಡಿ" ಎಂಬುದು. ನಮ್ಮ ಕಡೆಯ ಬೆಕ್ಕುಗಳ ಮಟ್ಟಿಗೆ ಇಷ್ಟು ಅಪಾಯದ ಸಲಹೆ ಇನ್ನೊಂದಿಲ್ಲ. ಅದು ದಿನಕ್ಕೆ ಎರಡು ಹೊತ್ತು ಮಾಂಸದ ಡಬ್ಬಿ ತಿನ್ನುವ ಬೆಕ್ಕುಗಳನ್ನು ಕಂಡು ಹೇಳಿದ ಮಾತು. ಹಾಲನ್ನದ ಬೆಕ್ಕಿಗೆ ಪ್ರೋಟೀನು ಮೊದಲೇ ಅರೆಹೊಟ್ಟೆ. ಅದಕ್ಕೆ ಕಡಿಮೆ ಮಾಡಬೇಕಾದದ್ದು ಫಾಸ್ಫರಸ್, ಹೆಚ್ಚು ಮಾಡಬೇಕಾದದ್ದು ನೀರು ಮತ್ತು ಊಟ.

ಕಿಡ್ನಿಯೊಳಗೆ ಆಗುವುದೇನು

ಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ಹಿಡಿದ ಬೇಟೆಯ ಮೈಯಲ್ಲಿರುವ ನೀರಿನಲ್ಲೇ ಬಹುಪಾಲು ಬದುಕುತ್ತಿದ್ದ ಪ್ರಾಣಿ ಅದು. ಹಾಗಾಗಿ ಬೆಕ್ಕಿಗೆ ಬಾಯಾರಿಕೆ ಕಡಿಮೆ, ಮೂತ್ರ ಬಹಳ ಗಟ್ಟಿ. ಒಂದೊಂದು ಕಿಡ್ನಿಯಲ್ಲಿ ಸುಮಾರು 2 ಲಕ್ಷ ನೆಫ್ರಾನ್, ಅಂದರೆ ರಕ್ತ ಸೋಸುವ ಸೂಕ್ಷ್ಮ ಘಟಕಗಳಿವೆ. ಮನುಷ್ಯನಲ್ಲಿ ಅವು ಸುಮಾರು 10 ಲಕ್ಷ. ಒಮ್ಮೆ ಹಾಳಾದ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಮೂರರಲ್ಲಿ ಎರಡು ಪಾಲು ಹೋದ ಮೇಲೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಕುಂದುತ್ತದೆ. ನೀರು ಹಾಗೇ ಹೊರಗೆ ಹೋಗುತ್ತದೆ, ಹೋದದ್ದನ್ನು ತುಂಬಿಕೊಳ್ಳಲು ಬೆಕ್ಕು ಬಾನಿ ಹುಡುಕುತ್ತದೆ. ನಾಲ್ಕರಲ್ಲಿ ಮೂರು ಪಾಲು ಹೋದಾಗಷ್ಟೇ ರಕ್ತಪರೀಕ್ಷೆಯಲ್ಲಿ ಯೂರಿಯಾ, ಕ್ರಿಯಾಟಿನಿನ್ ಏರಿದ್ದು ಕಾಣುತ್ತದೆ. ಅಂದರೆ ಕಾಯಿಲೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಬಹಳ ದೂರ ಬಂದಿರುತ್ತದೆ. ಕಳೆದದ್ದನ್ನು ತರಲಾಗದು. ಉಳಿದ ನೆಫ್ರಾನ್‌ಗಳ ಮೇಲಿನ ಭಾರ ಇಳಿಸಿದರೆ ಅವು ವರ್ಷಗಟ್ಟಲೆ ಬಾಳುತ್ತವೆ.

ಆ ಭಾರದಲ್ಲಿ ದೊಡ್ಡದು ಫಾಸ್ಫರಸ್, ನಮ್ಮ ಶಾಲಾ ಪುಸ್ತಕಗಳ ರಂಜಕ. ಕಿಡ್ನಿ ಸೋತಾಗ ಅದು ರಕ್ತದಲ್ಲೇ ಉಳಿಯುತ್ತದೆ. ಸರಿದೂಗಿಸಲು ದೇಹ ಮೂಳೆಯಿಂದ ಕ್ಯಾಲ್ಸಿಯಂ ಎಳೆಯತೊಡಗುತ್ತದೆ, ಎರಡೂ ಸೇರಿ ಕಿಡ್ನಿಯಲ್ಲೇ ಗಟ್ಟಿಯಾಗಿ ಕೂರುತ್ತವೆ, ಉಳಿದ ನೆಫ್ರಾನ್‌ಗಳೂ ಕೆಡುತ್ತವೆ.

ಅಡಿಕೆ ತೂಗುವ ತಕ್ಕಡಿ

ಪೇಟೆಯಲ್ಲಿ ಮನೆಯೊಳಗೇ ಇರುವ ಬೆಕ್ಕು ಮರಳಿನ ಟ್ರೇಯಲ್ಲಿ ಉಚ್ಚೆ ಹೊಯ್ಯುತ್ತದೆ. ಹೆಚ್ಚಾದರೆ ಯಜಮಾನರಿಗೆ ಗೊತ್ತಾಗುತ್ತದೆ. ನಮ್ಮ ಬೆಕ್ಕು ತೋಟಕ್ಕೆ ಹೋಗಿ ದರಗಿನಲ್ಲಿ ಮುಚ್ಚಿ ಬರುತ್ತದೆ. ಹೀಗಾಗಿ ಮೊದಲ ಸೂಚನೆಯೇ ನಮಗೆ ತಪ್ಪಿಹೋಗುತ್ತದೆ. ಅದರ ಬದಲು ನಾವು ನಂಬಬಹುದಾದದ್ದು ತೂಕ.

ಅಡಿಕೆಗೋ ಕಾಫಿಗೋ ಬಳಸುವ ಡಿಜಿಟಲ್ ತಕ್ಕಡಿ ಮನೆಯಲ್ಲಿ ಇದ್ದೇ ಇರುತ್ತದೆ. ಮುಚ್ಚಳವಿರುವ ಬುಟ್ಟಿಗೆ ಹಳೇ ಸೀರೆ ಹಾಸಿ, ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ, ಆಮೇಲೆ ಬೆಕ್ಕನ್ನು ಒಳಗೆ ಕೂರಿಸಿ. ಅಂಕಿ ಒಂದೆರಡು ಸಲ ಅತ್ತಿತ್ತ ಓಲಾಡಿ ನಿಲ್ಲುತ್ತದೆ. ಅದನ್ನು ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆಯೇ ಬರೆದಿಡಿ. ಏಳು ವರ್ಷ ದಾಟಿದ ಬೆಕ್ಕಿಗೆ ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಸಾಕು. 2016ರಲ್ಲಿ ಅಮೆರಿಕದ ಪಶುವೈದ್ಯರು ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಕಿಡ್ನಿ ಕಾಯಿಲೆಯೆಂದು ಗೊತ್ತಾಗುವ ಮೂರು ವರ್ಷ ಮೊದಲೇ ತೂಕ ಇಳಿಯತೊಡಗಿರುತ್ತದೆ. ಗೊತ್ತಾಗುವ ಹಿಂದಿನ ಒಂದೇ ವರ್ಷದಲ್ಲಿ ಸುಮಾರು ಶೇ 9ರಷ್ಟು ಹೋಗಿರುತ್ತದೆ. 4 ಕೆಜಿ ಬೆಕ್ಕಿನಲ್ಲಿ 350 ಗ್ರಾಂ ಕಳೆದರೆ ಕಣ್ಣಿಗೆ ಕಾಣುವುದಿಲ್ಲ, ಕೂದಲು ಮುಚ್ಚಿಬಿಡುತ್ತದೆ. ತಕ್ಕಡಿಯಿಂದ ಮಾತ್ರ ಅದನ್ನು ಮುಚ್ಚಿಡಲಾಗದು.

ನೀರಿನ ಲೆಕ್ಕವನ್ನೂ ಒಂದೆರಡು ದಿನ ಹಿಡಿಯಬಹುದು. ಹೊರಗೆ ಬಿಡದೆ, ಅಳತೆ ಮಾಡಿ ನೀರಿಟ್ಟು, ಮರುದಿನ ಉಳಿದದ್ದನ್ನು ಅಳೆಯಿರಿ. ಕೆಜಿ ತೂಕಕ್ಕೆ 50 ಮಿಲಿಗಿಂತ ಹೆಚ್ಚು, ಅಂದರೆ 4 ಕೆಜಿ ಬೆಕ್ಕು ದಿನಕ್ಕೆ 200 ಮಿಲಿ ದಾಟಿ ಕುಡಿಯುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಜೊತೆಗೆ ಬಾಯಿಯ ವಾಸನೆ, ಆಗಾಗ ನೊರೆವಾಂತಿ, ಮೈ ನೆಕ್ಕದೆ ಜಡೆಗಟ್ಟಿದ ಕೂದಲು, ಮಲಬದ್ಧತೆ, ತಟ್ಟೆಯವರೆಗೆ ಬಂದು ಮೂಸಿ ತಿರುಗಿ ಹೋಗುವುದು, ಇವೆಲ್ಲ ಸೇರಿಕೊಳ್ಳುತ್ತವೆ. ಕತ್ತು ಎತ್ತಲಾಗದೆ ತಲೆ ತಗ್ಗಿಸಿಯೇ ನಡೆಯುತ್ತಿದ್ದರೆ ಪೊಟ್ಯಾಸಿಯಂ ಕುಸಿದಿರಬಹುದು. ಇದ್ದಕ್ಕಿದ್ದ ಹಾಗೆ ಗೋಡೆಗೆ ಡಿಕ್ಕಿ ಹೊಡೆಯತೊಡಗಿ, ಕಣ್ಣಿನ ಪಾಪೆ ದೊಡ್ಡದಾಗಿಯೇ ಉಳಿದರೆ ರಕ್ತದೊತ್ತಡ ಏರಿ ಕಣ್ಣಿನ ಒಳಪರದೆ ಕಳಚಿದೆ ಎಂದು ಅರ್ಥ. ಈ ಎರಡಕ್ಕೂ ನಾಳೆ ನೋಡೋಣ ಎನ್ನುವ ಹಾಗಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ಏರಿಕೆಯಲ್ಲೂ ಬೆಕ್ಕು ನೀರು ಕುಡಿದು ಸೊರಗುತ್ತದೆ. ಆದ್ದರಿಂದ ಮನೆಯಲ್ಲೇ ತೀರ್ಮಾನಿಸಿ ಪಥ್ಯ ಶುರು ಮಾಡಬೇಡಿ.

ಪರೀಕ್ಷೆ ಎಲ್ಲಿ, ಯಾವುದು

ತಾಲ್ಲೂಕಿನ ಪಶು ಆಸ್ಪತ್ರೆಗಳ ಹೆಚ್ಚಿನ ಕೆಲಸ ದನ, ಎಮ್ಮೆಗಳದ್ದು. ಬೆಕ್ಕಿನ ಕ್ರಿಯಾಟಿನಿನ್ ನೋಡುವ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ. ಹಾಗೆಂದು ಕೈಬಿಡಬೇಕಿಲ್ಲ. ಪಶುವೈದ್ಯರು ರಕ್ತ ತೆಗೆದುಕೊಟ್ಟರೆ ಯೂರಿಯಾ, ಕ್ರಿಯಾಟಿನಿನ್, ಫಾಸ್ಫರಸ್, ಪೊಟ್ಯಾಸಿಯಂ ಇವನ್ನು ಪೇಟೆಯ ಸಾಮಾನ್ಯ ಲ್ಯಾಬಿನಲ್ಲೂ ಮಾಡಿಸಬಹುದು. ಒಂದೇ ಎಚ್ಚರ: ವರದಿಯಲ್ಲಿ ಪಕ್ಕಕ್ಕೆ ಅಚ್ಚಾಗಿರುವ 'ಸಾಮಾನ್ಯ ಮಟ್ಟ' ಮನುಷ್ಯರದ್ದು. ಬೆಕ್ಕಿನ ಮಟ್ಟವೇ ಬೇರೆ.

ದೂರ ಹೋಗಲು ಆಗುವವರಿಗೆ ತೀರ್ಥಹಳ್ಳಿ ದಾಟಿದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿದೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಸ್ಥೆ ಅದು. ಘಟ್ಟ ಇಳಿದರೆ ಉಡುಪಿ, ಮಂಗಳೂರಿನಲ್ಲಿ ನಾಯಿ ಬೆಕ್ಕುಗಳನ್ನೇ ನೋಡುವ ಖಾಸಗಿ ಕ್ಲಿನಿಕ್ಕುಗಳಿವೆ. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಒಯ್ಯಬೇಡಿ. ಹೆದರಿದ ಬೆಕ್ಕಿನ ರಕ್ತದೊತ್ತಡ ಏರುತ್ತದೆ, ಅಳತೆಯೂ ತಪ್ಪುತ್ತದೆ. ಗಾಳಿಯಾಡುವ ಹಣ್ಣಿನ ಕ್ರೇಟಿಗೆ ಮತ್ತೊಂದು ಕ್ರೇಟನ್ನು ಬೋರಲು ಹಾಕಿ ಕಟ್ಟಿ, ಮೇಲೆ ಒಂದು ಬಟ್ಟೆ ಹೊದೆಸಿ. ಹಿಂದಿನ ರಾತ್ರಿಯಿಂದ ಊಟ ಬೇಡ ಎಂದು ವೈದ್ಯರು ಹೇಳಬಹುದು. ನೀರನ್ನು ಮಾತ್ರ ಯಾವ ಕಾರಣಕ್ಕೂ ತಡೆಯಬೇಡಿ.

1998ರಲ್ಲಿ ಹುಟ್ಟಿದ ಐರಿಸ್ ಎಂಬ ಅಂತರರಾಷ್ಟ್ರೀಯ ಪಶುವೈದ್ಯರ ತಂಡ ಈ ಕಾಯಿಲೆಯನ್ನು ನಾಲ್ಕು ಹಂತವಾಗಿ ವಿಂಗಡಿಸಿದೆ. ಕ್ರಿಯಾಟಿನಿನ್ 1.6 ಮಿಗ್ರಾಂಗಿಂತ ಕಡಿಮೆಯಿದ್ದು ಮೂತ್ರದಲ್ಲೋ ಸ್ಕ್ಯಾನಿಂಗಿನಲ್ಲೋ ದೋಷ ಕಂಡರೆ ಮೊದಲ ಹಂತ. 1.6ರಿಂದ 2.8 ಎರಡನೆಯದು, 2.9ರಿಂದ 5 ಮೂರನೆಯದು, 5 ದಾಟಿದರೆ ನಾಲ್ಕನೆಯದು. ಬಡಕಲಾದ ಬೆಕ್ಕಿನಲ್ಲಿ ಕ್ರಿಯಾಟಿನಿನ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಏಕೆಂದರೆ ಅದು ಮಾಂಸಖಂಡದಿಂದ ಬರುವ ವಸ್ತು. ಎಸ್‌ಡಿಎಂಎ ಎಂಬ ಇನ್ನೊಂದು ಪರೀಕ್ಷೆಗೆ ಈ ತೊಡಕಿಲ್ಲ. ಮೂತ್ರದ ಸಾಂದ್ರತೆ, ಮೂತ್ರದಲ್ಲಿ ಪ್ರೋಟೀನ್, ರಕ್ತದೊತ್ತಡ ಇವು ಮೂರನ್ನೂ ಕೇಳಿ ಮಾಡಿಸಿಕೊಳ್ಳಿ. ಬೆಕ್ಕಿನ ಒತ್ತಡ 160 ದಾಟಿದರೆ ಮದ್ದು ಬೇಕಾಗುತ್ತದೆ.

ತಟ್ಟೆಗೆ ಏನು ಹಾಕುವುದು

4 ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. 150 ಮಿಲಿ ಹಸುವಿನ ಹಾಲು, 75 ಗ್ರಾಂ ಅನ್ನ ಕಲಸಿಟ್ಟರೆ ಹೊಟ್ಟೆ ತುಂಬುತ್ತದೆ, ಕ್ಯಾಲೊರಿಯೂ ಸಿಗುತ್ತದೆ. ಆದರೆ ಅದರಲ್ಲಿರುವ ಪ್ರೋಟೀನು ಏಳು ಗ್ರಾಂ ಆಸುಪಾಸು. ಕಿಡ್ನಿ ಕಾಯಿಲೆಗೆಂದೇ ಪ್ರೋಟೀನ್ ತಗ್ಗಿಸಿ ತಯಾರಿಸಿದ ಔಷಧೀಯ ಆಹಾರದಲ್ಲಿ ಅಷ್ಟೇ ಕ್ಯಾಲೊರಿಗೆ 12ರಿಂದ 14 ಗ್ರಾಂ ಇರುತ್ತದೆ! ಅಂದರೆ ನಮ್ಮ ಹಾಲನ್ನದ ಬೆಕ್ಕು, ಪಥ್ಯದ ಬೆಕ್ಕಿಗೆ ಸಿಗುವುದರ ಅರ್ಧದಷ್ಟು ಪ್ರೋಟೀನಿನಲ್ಲಿ ಬದುಕುತ್ತಿದೆ. ಇದರಲ್ಲಿ ಇನ್ನೂ ಕಡಿತ ಮಾಡಿದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ. ಟಾರಿನ್ ಎಂಬ ಅಂಶ ಪ್ರಾಣಿಜನ್ಯ ಆಹಾರದಿಂದಲೇ ಬರಬೇಕು, ಬೆಕ್ಕಿನ ಮೈ ಅದನ್ನು ಬೇಕಾದಷ್ಟು ತಯಾರಿಸಿಕೊಳ್ಳದು. ಅದಿಲ್ಲದೆ ಹೃದಯ, ಕಣ್ಣು ಎರಡೂ ಸೋಲುತ್ತವೆ. ಬೇಟೆಯಾಡುವಾಗ ಇಲಿಯಿಂದ ಸಿಗುತ್ತಿದ್ದ ಟಾರಿನ್ ಈಗ ಎಲ್ಲಿಂದಲೂ ಬರುತ್ತಿಲ್ಲ.

ಕೈಗೆಟುಕಿದರೆ ಕಿಡ್ನಿ ಬೆಕ್ಕುಗಳ ಸಿದ್ಧ ಆಹಾರವೇ ಎಲ್ಲಕ್ಕಿಂತ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ರಾಯಲ್ ಕ್ಯಾನಿನ್ ರೀನಲ್, ಹಿಲ್ಸ್ ಕೆ/ಡಿ, ಫಾರ್ಮಿನಾ ವೆಟ್ ಲೈಫ್ ರೀನಲ್ ಇವು ನಮ್ಮ ದೇಶದಲ್ಲಿ ಸಿಗುತ್ತವೆ, ಆನ್‌ಲೈನಿನಲ್ಲಿ ತರಿಸಬಹುದು. ವೈದ್ಯರ ಸಲಹೆಯಿಲ್ಲದೆ ಕೊಡುವಂಥವಲ್ಲ. ಇವುಗಳಲ್ಲಿ ಫಾಸ್ಫರಸ್, ಉಪ್ಪು ಕಡಿಮೆ, ಮೀನೆಣ್ಣೆಯ ಒಮೆಗಾ-3, ಪೊಟ್ಯಾಸಿಯಂ, ಬಿ ವಿಟಮಿನ್ ಹೆಚ್ಚು. 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಬಗೆಯ ಆಹಾರ ತಿಂದ ಬೆಕ್ಕುಗಳಲ್ಲಿ ಅರ್ಧದಷ್ಟು 633 ದಿನ ದಾಟಿ ಬದುಕಿದವು. ತಿನ್ನದವುಗಳಲ್ಲಿ ಆ ಅವಧಿ 264 ದಿನ. ತಿನ್ನದವು ಎಂದರೆ ಬೆಕ್ಕು ಒಪ್ಪದ್ದಕ್ಕೋ, ಯಜಮಾನರು ಒಪ್ಪದ್ದಕ್ಕೋ ಹಳೇ ಊಟದಲ್ಲೇ ಉಳಿದವು. ಅವುಗಳಲ್ಲಿ ಕೆಲವು ಮೊದಲೇ ಹೆಚ್ಚು ನಿತ್ರಾಣವಾಗಿದ್ದಿರಬಹುದು, ಹಾಗಾಗಿ ಅಂತರವನ್ನೆಲ್ಲ ಊಟದ ಲೆಕ್ಕಕ್ಕೇ ಹಾಕಲಾಗದು. ಆಮೇಲಿನ ಅಧ್ಯಯನಗಳೂ ಇದೇ ದಾರಿಯನ್ನು ತೋರಿವೆ.

ಅಡುಗೆಮನೆಗೆ ಮೊಟ್ಟೆ, ಮಾಂಸ ಬಾರದ ಮನೆಗಳಿಗೂ ಇದರಿಂದ ಅನುಕೂಲವಿದೆ. ಬೇಯಿಸುವುದಿಲ್ಲ, ಮುಟ್ಟುವುದಿಲ್ಲ, ಜಗಲಿಯ ಮೂಲೆಯಲ್ಲಿ ಬೇರೆ ತಟ್ಟೆಗೆ ಪ್ಯಾಕೆಟ್ಟಿನಿಂದಲೇ ಸುರಿದರೆ ಆಯಿತು.

ಬದಲಾವಣೆಯನ್ನು ಒಂದೇ ದಿನ ಮಾಡಬೇಡಿ. ಹತ್ತು ವರ್ಷ ಹಾಲನ್ನ ತಿಂದ ಬೆಕ್ಕು ಕಾಳಿನಂಥ ಒಣ ಆಹಾರವನ್ನು ಊಟವೆಂದೇ ಗುರುತಿಸದು. ಮೊದಲ ವಾರ ಅದೇ ಹಾಲನ್ನಕ್ಕೆ ಒಂದು ಚಮಚದಷ್ಟನ್ನು ಬಿಸಿನೀರಿನಲ್ಲಿ ನೆನೆಸಿ ಕಿವುಚಿ ಸೇರಿಸಿ. ಒಂದು ತಿಂಗಳಲ್ಲಿ ಪೂರ್ತಿ ಬದಲಾದರೂ ಬೇಗವೇ. ವಾಂತಿ, ಹೊಟ್ಟೆತೊಳಸು ಇರುವ ದಿನಗಳಲ್ಲಿ ಹೊಸ ಆಹಾರದ ಪರಿಚಯ ಮಾಡಿಸಲೇಬೇಡಿ. ಆ ಸಂಕಟ ಈ ತಿಂಡಿಯಿಂದಲೇ ಬಂತೆಂದು ಬೆಕ್ಕು ನೆನಪಿಟ್ಟುಕೊಂಡು ಮುಂದೆಂದೂ ಮುಟ್ಟುವುದಿಲ್ಲ. "ಹಸಿವಾದರೆ ತಾನೇ ತಿನ್ನುತ್ತೆ" ಎಂಬ ಹಠ ದನಕರುವಿಗೆ ನಡೆದೀತು, ಬೆಕ್ಕಿಗೆ ನಡೆಯದು. ಎರಡು ಮೂರು ದಿನ ಪೂರ್ತಿ ಉಪವಾಸವಿದ್ದರೆ ಮೈಯ ಕೊಬ್ಬು ಪಿತ್ತಜನಕಾಂಗದಲ್ಲಿ ತುಂಬಿ ಅದೇ ಪ್ರಾಣಕ್ಕೆ ಎರವಾಗುತ್ತದೆ. ಸರಿಯಾದ ಆಹಾರವನ್ನು ತಿನ್ನದೆ ಇರುವುದಕ್ಕಿಂತ ತಪ್ಪು ಆಹಾರವನ್ನು ತಿನ್ನುವುದು ಮೇಲು.

ಸಿದ್ಧ ಆಹಾರ ಕೊಳ್ಳಲಾಗದವರು, ಬೆಕ್ಕು ಅದನ್ನು ಒಪ್ಪದ ಮನೆಯವರು ಏನು ಮಾಡಬೇಕು? ಮನೆಯ ಅಡುಗೆಯಲ್ಲೇ ಎಲ್ಲ ಪೋಷಕಾಂಶ ಹೊಂದಿಸುವುದು ಸುಲಭವಲ್ಲ. 2012ರಲ್ಲಿ ಅಮೆರಿಕದ ತಜ್ಞರು ಕಿಡ್ನಿ ಕಾಯಿಲೆಯ ನಾಯಿ ಬೆಕ್ಕುಗಳಿಗೆಂದು ಪ್ರಕಟವಾಗಿದ್ದ 67 ಪಾಕವಿಧಾನಗಳನ್ನು ಪರಿಶೀಲಿಸಿದಾಗ ಒಂದರಲ್ಲೂ ಎಲ್ಲ ಅಂಶ ಸರಿಯಿರಲಿಲ್ಲ. ಆದರೂ ಬರೀ ಹಾಲನ್ನಕ್ಕಿಂತ ಚೆನ್ನಾಗಿರುವ ನಡುದಾರಿಯೊಂದಿದೆ. ಮೂಳೆಯಿಲ್ಲದ ಕೋಳಿಮಾಂಸ ಬೇಯಿಸಿ ನುಣ್ಣಗೆ ಕೊಚ್ಚಿದ್ದು 50ರಿಂದ 60 ಗ್ರಾಂ, ಬೇಯಿಸಿದ ಒಂದು ಮೊಟ್ಟೆಯ ಬಿಳಿಭಾಗ, ಮೆತ್ತಗಿನ ಅನ್ನ ಎರಡು ಮೂರು ಚಮಚ, ಒಂದು ಟೀ ಚಮಚ ತುಪ್ಪ. ಇದು ಒಂದು ದಿನದ್ದು, ನಾಲ್ಕೈದು ಸಲಕ್ಕೆ ಹಂಚಿ. ಕ್ಯಾಲೊರಿ ಹೆಚ್ಚುಕಡಿಮೆ 200, ಪ್ರೋಟೀನ್ ಬೇಕಾದಷ್ಟಿದೆ, ಫಾಸ್ಫರಸ್ ಹಿಡಿತದಲ್ಲಿದೆ. ತುಪ್ಪದಲ್ಲಿ ಫಾಸ್ಫರಸ್ ಇಲ್ಲವೆನ್ನುವಷ್ಟು ಕಡಿಮೆ, ಶಕ್ತಿ ಬಹಳ, ಬೆಕ್ಕುಗಳಿಗೆ ಪ್ರಿಯವೂ ಹೌದು. ಆದರೆ ಈ ತಟ್ಟೆಯಲ್ಲಿ ಕ್ಯಾಲ್ಸಿಯಂ, ಟಾರಿನ್, ಪೊಟ್ಯಾಸಿಯಂ, ವಿಟಮಿನ್ ಸಾಲದು. ಎರಡು ವಾರಕ್ಕಿಂತ ಹೆಚ್ಚು ಇದರಲ್ಲೇ ನಡೆಸುವುದಾದರೆ ಯಾವ ಪೂರಕ ಎಷ್ಟು ಎಂದು ವೈದ್ಯರಿಂದ ಬರೆಸಿಕೊಳ್ಳಲೇಬೇಕು. ಮಾಂಸ ಬೇಯಿಸಿದ ನೀರನ್ನು ಚೆಲ್ಲಿದರೆ ಫಾಸ್ಫರಸ್ಸಿನ ಒಂದು ಪಾಲು ಹೋಗುತ್ತದೆ ನಿಜ, ಅದರ ಜೊತೆಗೆ ಟಾರಿನ್ ಕೂಡ ಹೋಗುತ್ತದೆ. ಪೂರಕ ಕೊಡುತ್ತಿದ್ದರೆ ಮಾತ್ರ ಚೆಲ್ಲಿ.

ಮೊಟ್ಟೆಯನ್ನೇ ನೋಡಿ. 100 ಗ್ರಾಂ ಬಿಳಿಭಾಗದಲ್ಲಿ ಫಾಸ್ಫರಸ್ ಸುಮಾರು 15 ಮಿಗ್ರಾಂ, ಅಷ್ಟೇ ಹಳದಿಯಲ್ಲಿ ಸುಮಾರು 390. ಹಸಿ ಬಿಳಿಭಾಗ ಬೇಡ, ಅದು ಬಯೋಟಿನ್ ಎಂಬ ವಿಟಮಿನನ್ನು ಕಟ್ಟಿಹಾಕುತ್ತದೆ. ಪ್ರೀತಿಯಿಂದ ಹಾಕುವ ಮೀನಿನ ಮುಳ್ಳು, ಕೋಳಿ ಮೂಳೆ, ಈಲಿ, ಒಣಸಿಗಡಿ ಇವು ಫಾಸ್ಫರಸ್ಸಿನ ಗಣಿಗಳು. ಒಣಮೀನಿನಲ್ಲಿ ಉಪ್ಪೂ ಸೇರಿ ರಕ್ತದೊತ್ತಡ ಏರಿಸುತ್ತದೆ. ಜುಲೈ ಆಗಸ್ಟಿನ ಮಳೆಯಲ್ಲಿ ಸುಟ್ಟ ಒಣಮೀನಿನ ವಾಸನೆಗೆ ಬೆಕ್ಕು ಕಾಲು ಸುತ್ತುತ್ತದೆ, ಕೊಡದಿರುವುದು ಕಷ್ಟವೇ. ಮೂಳೆ ಬಿಡಿಸಿದ ಹಸಿಮೀನನ್ನು ಬೇಯಿಸಿ ಒಂದು ಚೂರು ಕೊಡಿ. ಹಾಲನ್ನು ಒಮ್ಮೆಗೇ ನಿಲ್ಲಿಸಬೇಕಾಗಿಲ್ಲ. ಭೇದಿ ಆಗದಿದ್ದರೆ, ಬೇರೆ ಊಟಕ್ಕೆ ರುಚಿ ಕೂಡಿಸಲು ಸ್ವಲ್ಪ ಹಾಲು ಇರಲಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರಿನ ಅನ್ನ ಮಾತ್ರ ಬೇಡ, ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ಪಥ್ಯದಿಂದಲೂ ಫಾಸ್ಫರಸ್ ಇಳಿಯದಿದ್ದರೆ ಅದನ್ನು ಹೊಟ್ಟೆಯಲ್ಲೇ ಹಿಡಿದಿಡುವ ಪುಡಿ, ದ್ರಾವಣಗಳಿವೆ. ಎರಡನೇ ಹಂತದಲ್ಲಿ ರಕ್ತದ ಫಾಸ್ಫರಸ್ 4.6 ಮಿಗ್ರಾಂ ಒಳಗೆ, ಮೂರನೆಯದರಲ್ಲಿ 5ರ ಒಳಗೆ ಇರಬೇಕೆಂಬುದು ಗುರಿ. ಈ ಮದ್ದನ್ನು ಊಟದಲ್ಲೇ ಕಲಸಿ ಕೊಡಬೇಕು. ಖಾಲಿ ಹೊಟ್ಟೆಗೆ ಕೊಟ್ಟರೆ ಉಪಯೋಗವಿಲ್ಲ.

ನೀರು

ನಮ್ಮ ಕಡೆ ಇದಕ್ಕೆ ಬೇರೆಯವರಿಗಿಲ್ಲದ ಅನುಕೂಲವಿದೆ. ಪೇಟೆಯವರು ಬೆಕ್ಕಿಗಾಗಿ ಹಣ ಕೊಟ್ಟು ಕಾರಂಜಿ ತರುತ್ತಾರೆ, ಏಕೆಂದರೆ ಬೆಕ್ಕಿಗೆ ಹರಿಯುವ ನೀರು ಇಷ್ಟ. ಗುಡ್ಡದಿಂದ ಪೈಪಿನಲ್ಲೋ ದಂಬೆಯಲ್ಲೋ ಹಗಲು ರಾತ್ರಿ ಇಳಿಯುವ ಅಬ್ಬಿ ನೀರು ಇರುವ ಮನೆಯಲ್ಲಿ ಅದರ ಕೆಳಗೆ ಅಗಲ ಬಾಯಿಯ, ತಗ್ಗಿನ ಪಾತ್ರೆಯೊಂದನ್ನು ಇಡಿ. ಮುದಿ ಬೆಕ್ಕಿಗೆ ಎತ್ತರದ ಬಾನಿಗೆ ಹಾರಲಾಗದು. ಒಳಗೂ ಎರಡು ಮೂರು ಕಡೆ, ಊಟದ ತಟ್ಟೆಯಿಂದ ದೂರ, ನೀರಿಡಿ. ಊಟಕ್ಕೂ ನೀರು ಬೆರೆಸಿ ಗಂಜಿಯ ಹದಕ್ಕೆ ತನ್ನಿ. ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಬೆಕ್ಕು ತಿನ್ನುತ್ತದೆ.

ಇಷ್ಟೊಂದು ಬಾಯಾರಿಕೆಯ ಬೆಕ್ಕು ಸಿಕ್ಕಿದ ಪಾತ್ರೆಗೆಲ್ಲ ಬಾಯಿ ಹಾಕುತ್ತದೆ. ಕೊಳೆರೋಗದ ಔಷಧಿ ಹೊಡೆಯುವ ದಿನಗಳಲ್ಲಿ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಮೈಲುತುತ್ತ ನೆನೆಹಾಕಿದ ಬಕೆಟ್ಟು ಅಂಗಳದಲ್ಲಿ ತೆರೆದಿರಬಾರದು. ತಾಮ್ರದ ಆ ಉಪ್ಪು ಕಿಡ್ನಿಗೂ ಪಿತ್ತಜನಕಾಂಗಕ್ಕೂ ವಿಷ.

ಮಳೆಗಾಲದಲ್ಲಿ ಹೊರಗೆ ಹೋಗಲು ಒಲ್ಲದ ಮುದಿ ಬೆಕ್ಕು ಉಚ್ಚೆ ಕಟ್ಟಿಕೊಂಡು ಕೂರುತ್ತದೆ. ತಗ್ಗಿನ ಟ್ರೇಯಲ್ಲಿ ಮರಳು ತುಂಬಿ ಹಿಂದಿನ ಜಗಲಿಯಲ್ಲಿಟ್ಟರೆ ಅದಕ್ಕೂ ಸುಖ, ಎಷ್ಟು ಹೊಯ್ಯುತ್ತಿದೆ ಎಂದು ನಿಮಗೂ ತಿಳಿಯುತ್ತದೆ.

ಚರ್ಮದಡಿಯ ಸಲೈನ್, ಮತ್ತೆ ಮದ್ದುಗಳು

ಕುಡಿದದ್ದೂ ಸಾಲದ ಹಂತ ಬಂದಾಗ ವೈದ್ಯರು ಚರ್ಮದಡಿಗೆ ರಿಂಗರ್ ಲ್ಯಾಕ್ಟೇಟ್ ಕೊಡಲು ಹೇಳುತ್ತಾರೆ. ಅವರ ಕೈಯಲ್ಲಿ ಒಮ್ಮೆ ನೋಡಿ ಕಲಿತರೆ ಮನೆಯಲ್ಲೇ ಕೊಡಬಹುದು, ದಿನಾ ಪೇಟೆಗೆ ಓಡುವುದು ತಪ್ಪುತ್ತದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೈಬಿಸಿಯ ಮಟ್ಟಕ್ಕೆ ತರಬೇಕು, ತಣ್ಣಗಿದ್ದರೆ ಬೆಕ್ಕು ಕೂರುವುದಿಲ್ಲ. ಕಿಟಕಿ ಸರಳಿಗೆ ಬಾಟಲಿ ನೇತುಹಾಕಿ, ಟ್ಯೂಬಿನ ಗಾಳಿ ತೆಗೆದು, ಹೆಗಲ ಮೂಳೆಗಳ ನಡುವಿನ ಸಡಿಲ ಚರ್ಮವನ್ನು ಎತ್ತಿ ಹಿಡಿದರೆ ಸಣ್ಣ ಗುಡಾರದ ಹಾಗೆ ನಿಲ್ಲುತ್ತದೆ. ಸೂಜಿ ಅದರ ಬುಡಕ್ಕೆ. ಹನಿ ಬೀಳುತ್ತಿದ್ದ ಹಾಗೆ ಬೆನ್ನ ಮೇಲೆ ಮೆತ್ತನೆಯ ಉಬ್ಬು ಏಳುತ್ತದೆ, ಸ್ವಲ್ಪ ಹೊತ್ತಿಗೆ ಮುಂಗಾಲಿನ ಕಡೆ ಜಾರುತ್ತದೆ. ಗಾಬರಿ ಬೇಡ, ಕೆಲವು ಗಂಟೆಗಳಲ್ಲಿ ಮೈಗೆ ಹೀರಿಕೊಳ್ಳುತ್ತದೆ. 4 ಕೆಜಿ ಬೆಕ್ಕಿಗೆ ಒಂದು ಸಲಕ್ಕೆ ಸುಮಾರು 100 ಮಿಲಿ ಸಾಮಾನ್ಯ, ದಿನಾ ಬೇಕೋ ಮೂರು ದಿನಕ್ಕೊಮ್ಮೆ ಸಾಕೋ ಎಂಬುದನ್ನು ವೈದ್ಯರೇ ಹೇಳಬೇಕು. ಹೃದಯದ ತೊಂದರೆಯಿದ್ದರೆ ಇದು ಅಪಾಯ. ಉಸಿರಾಟ ಜೋರಾದರೆ ತಕ್ಷಣ ನಿಲ್ಲಿಸಿ. ಗ್ಲೂಕೋಸ್ ಬಾಟಲಿಯನ್ನು ಚರ್ಮದಡಿಗೆ ಕೊಡಬಾರದು.

ರಕ್ತದೊತ್ತಡಕ್ಕೆ ಮನುಷ್ಯರು ನುಂಗುವ ಆಮ್ಲೊಡಿಪಿನ್ ಬೆಕ್ಕಿಗೂ ನಡೆಯುತ್ತದೆ. ಸಾಮಾನ್ಯವಾಗಿ 0.625 ಮಿಗ್ರಾಂ, ಎಂದರೆ 2.5 ಮಿಗ್ರಾಂ ಮಾತ್ರೆಯ ಕಾಲುಭಾಗದಿಂದ ಶುರು ಮಾಡುತ್ತಾರೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಟೆಲ್ಮಿಸಾರ್ಟನ್, ಓಕರಿಕೆಗೆ ಮರೋಪಿಟಾಂಟ್, ಹಸಿವಿಗೆ ಮಿರ್ಟಜಪಿನ್ ಇವೆ. ಹೊಟ್ಟೆತೊಳಸು ನಿಂತರೆ ಕೆಲವು ಬೆಕ್ಕುಗಳು ತಾವಾಗಿ ತಟ್ಟೆಗೆ ಬರುತ್ತವೆ, ಹಾಗಾಗಿ ಆ ಮದ್ದನ್ನು ನೀವೇ ಕೇಳಿ. ಮಾತ್ರೆ ಪುಡಿ ಮಾಡಿ ತುಪ್ಪದಲ್ಲಿ ಕಲಸಿ ಮುಂಗಾಲಿಗೆ ಸವರಿದರೆ ನೆಕ್ಕಿಕೊಳ್ಳುತ್ತದೆ. ದನಕ್ಕೆ ಗೊಟ್ಟದಲ್ಲಿ ಎರೆದಂತೆ ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಕಿಡ್ನಿ ಎಂದ ಕೂಡಲೇ ಬಾಳೆದಿಂಡಿನ ರಸ, ಬಾರ್ಲಿ ನೀರು, ಎಳನೀರು ನೆನಪಾಗುವುದು ಸಹಜ. ಬಾಳೆದಿಂಡು ಕಲ್ಲು ಕರಗಿಸಲೆಂದು ನಮ್ಮವರು ಕುಡಿಯುವುದು, ಇದು ಕಲ್ಲಿನ ಕಾಯಿಲೆಯಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ, ಕೊನೆಯ ಹಂತದ ಬೆಕ್ಕಿನಲ್ಲಿ ಅದು ಮೊದಲೇ ಏರಿದ್ದರೆ ಹೃದಯ ನಿಲ್ಲಿಸೀತು. ಜ್ವರದ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಉಳಿದ ಕಿಡ್ನಿಯನ್ನೂ ತೆಗೆಯುತ್ತವೆ. ಅಂಗಳದಲ್ಲಿ ಡೇರೆಯ ಜೊತೆಗೆ ಈಚೆಗೆ ನರ್ಸರಿಗಳಿಂದ ತಂದು ನೆಡುವ ಏಷಿಯಾಟಿಕ್ ಲಿಲ್ಲಿ, ಡೇ ಲಿಲ್ಲಿಗಳ ಎಲೆ, ಹೂವು, ಮೈಗೆ ಮೆತ್ತಿಕೊಂಡ ಪರಾಗ ಕೂಡ ಎರಡು ಮೂರು ದಿನದಲ್ಲಿ ಬೆಕ್ಕಿನ ಕಿಡ್ನಿಯನ್ನು ಪೂರ್ತಿ ಕೆಡಿಸುತ್ತವೆ. ಬೆಕ್ಕಿರುವ ಮನೆಯಲ್ಲಿ ಅವು ಬೇಡವೇ ಬೇಡ. ಮಂಡಲದ ಹಾವು ಕಚ್ಚಿ ಬದುಕಿಕೊಂಡ ಬೆಕ್ಕಿಗೂ ಕಿಡ್ನಿ ಪರೀಕ್ಷೆ ಮಾಡಿಸಿ.

ಎಷ್ಟು ದಿನ

2008ರ ಅಧ್ಯಯನವೊಂದರಲ್ಲಿ ಎರಡನೇ ಹಂತದ ಕೊನೆಯಲ್ಲಿ ಪತ್ತೆಯಾದ ಬೆಕ್ಕುಗಳಲ್ಲಿ ಅರ್ಧದಷ್ಟು 1151 ದಿನ ದಾಟಿ, ಮೂರನೇ ಹಂತದವು 778 ದಿನ ದಾಟಿ ಬದುಕಿದವು. ನಾಲ್ಕನೆಯದರಲ್ಲಿ ಅದು 103 ದಿನ. ಅಂದರೆ ಮೊದಲೇ ಗೊತ್ತಾದರೆ ಮೂರು ವರ್ಷ ನೆಮ್ಮದಿಯಾಗಿ ಕಳೆಯುವ ಸಾಧ್ಯತೆ ನಿಜವಾಗಿಯೂ ಇದೆ. ಎರಡನೇ ಹಂತದಲ್ಲಿ ಆರು ತಿಂಗಳಿಗೊಮ್ಮೆ, ಮೂರರಲ್ಲಿ ಮೂರು ತಿಂಗಳಿಗೊಮ್ಮೆ ರಕ್ತ ನೋಡಿಸಿ. ಮನೆಯಲ್ಲಿ ಮರಿಗಳಿದ್ದರೆ ಕಿಡ್ನಿ ಆಹಾರಕ್ಕೆ ಅವು ಬಾಯಿ ಹಾಕದಂತೆ ನೋಡಿಕೊಳ್ಳಿ, ಬೆಳೆಯುವ ಮರಿಗೆ ಅದು ಸಾಲದು.

ನಾಲ್ಕನೇ ಹಂತದಲ್ಲಿ ಅಂಕಿಗಳ ಬೆನ್ನು ಹತ್ತುವುದನ್ನು ಬಿಟ್ಟು ಬೆಕ್ಕಿನ ದಿನವನ್ನು ನೋಡಬೇಕು. ತಾನಾಗಿ ತಿನ್ನುತ್ತಿದೆಯೇ, ಮೈ ನೆಕ್ಕಿಕೊಳ್ಳುತ್ತಿದೆಯೇ, ಕರೆದರೆ ತಲೆ ಎತ್ತುತ್ತಿದೆಯೇ, ಬಿಸಿಲಿಗೆ ಬಂದು ಮಲಗುತ್ತಿದೆಯೇ? ಈ ಹಂತದಲ್ಲಿ ಪಥ್ಯ ಸಡಿಲಿಸಿ, ಇಷ್ಟಪಟ್ಟದ್ದನ್ನು ಕೊಡಿ. ಇವೆಲ್ಲ ನಿಂತು, ಬಾಯಿ ಹುಣ್ಣಾಗಿ, ವಾಂತಿ ಬಿಡದೆ, ಸಲೈನಿನಿಂದಲೂ ಚೇತರಿಕೆ ಇಲ್ಲದಾಗ ನೋವಿಲ್ಲದೆ ಕಳಿಸಿಕೊಡುವ ಬಗ್ಗೆ ವೈದ್ಯರ ಹತ್ತಿರ ಮಾತಾಡುವುದು ಕ್ರೌರ್ಯವಲ್ಲ. ಮೊದಲು ನಿದ್ದೆಯ ಚುಚ್ಚುಮದ್ದು ಕೊಟ್ಟು, ಪ್ರಜ್ಞೆ ತಪ್ಪಿದ ಮೇಲೆ ಎರಡನೆಯದನ್ನು ಕೊಡುತ್ತಾರೆ. ಮನೆಗೇ ಬರುವ ವೈದ್ಯರು ನಿಮ್ಮ ಕಡೆ ಯಾರಿದ್ದಾರೆ, ಮಳೆಗೆ ರಸ್ತೆ ಕಟ್ಟಿದರೆ ಯಾರನ್ನು ಕೇಳಬೇಕು ಎಂಬುದನ್ನು ಬೆಕ್ಕು ತಿಂದುಂಡು ಓಡಾಡಿಕೊಂಡಿರುವಾಗಲೇ ವಿಚಾರಿಸಿ, ಆ ಫೋನ್ ನಂಬರನ್ನು ತೂಕ ಬರೆದ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ.